ಜರ್ಮನ್ ವ್ಯಾಕರಣದ ತಪ್ಪುಗಳು: ಕನ್ನಡ ಗೊತ್ತಿದ್ದೂ ಇಂಗ್ಲಿಷ್ ಮೂಲಕ ಯಾಕೆ ಕಲೀಬೇಕು?

ಮಾನ್ಯ ಸಂಪಾದಕರೇ,

ಯೂನಿವರ್ಸಿಟೀಲಿ ಜರ್ಮನ್ ಕಲಿಯೋ ಹುಡುಗ ಹುಡುಗೀರ ಉತ್ತರಪತ್ರಿಕೆ ತಿದ್ದೋ ಕೆಲಸ ನನ್ನದು. ಅದರಲ್ಲಿ ಕಾಣೋ ವ್ಯಾಕರಣದ ತಪ್ಪುಗಳ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ, ಯಾಕಂದ್ರೆ ಉದಾಹರಣೆ ಇಲ್ಲದೆ ಈ ವಿಷಯ ಹೇಳೋಕಾಗಲ್ಲ.

ಜರ್ಮನ್ ಕಷ್ಟ, ಅದರ ವ್ಯಾಕರಣ ತಲೆಗೆ ಹತ್ತಲ್ಲ ಅಂತ ಎಲ್ಲರೂ ಹೇಳ್ತಾರೆ. ಮೇಷ್ಟ್ರುಗಳು ಕೂಡ ಹುಡುಗರು ಗಮನ ಕೊಡಲ್ಲ, ಟೇಬಲ್ ಬಾಯಿಪಾಠ ಮಾಡಲ್ಲ ಅಂತ ಬೈದು ಸುಮ್ಮನಾಗ್ತಾರೆ. ನಾನು ಇದನ್ನ ಒಪ್ಪಲ್ಲ. ಕನ್ನಡ ಮನೆಮಾತಾಗಿರೋ ಸ್ಟೂಡೆಂಟ್ಸ್ ಮಾಡೋ ತಪ್ಪುಗಳನ್ನ ಒಂದೊಂದಾಗಿ ಬಿಡಿಸಿ ನೋಡಿದ್ರೆ ಬಹಳಷ್ಟು ತಪ್ಪು ಜರ್ಮನ್ ಬರದೇ ಇರೋದರಿಂದ ಆಗಿದ್ದಲ್ಲ, ತಲೆಯಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಕಟ್ಟಿ ಅದನ್ನ ಜರ್ಮನ್ನಿಗೆ ಹೊರಳಿಸಿದ್ದರಿಂದ ಆಗಿದ್ದು. ಅದೇ ಮಾತನ್ನ ಕನ್ನಡದಲ್ಲಿ ಯೋಚಿಸಿದ್ದಿದ್ರೆ ಎಷ್ಟೋ ಕಡೆ ಸರಿ ಉತ್ತರ ತಾನಾಗೇ ಬರ್ತಿತ್ತು. ಎಲ್ಲಾ ಕಡೆ ಅಲ್ಲ, ಕನ್ನಡವೇ ದಾರಿ ತಪ್ಪಿಸೋ ಜಾಗಗಳೂ ಇವೆ, ಅವನ್ನೂ ಹೇಳ್ತೀನಿ.

ವಿಭಕ್ತಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ಎಲ್ಲರೂ ಹೆದರೋದು ಅಲ್ಲೇ. ಜರ್ಮನ್ನಲ್ಲಿ ನಾಲ್ಕು ವಿಭಕ್ತಿ: ನಾಮಿನಾಟಿವ್, ಅಕ್ಕುಸಾಟಿವ್, ಡಾಟಿವ್, ಗೆನಿಟಿವ್. ಕ್ಲಾಸಲ್ಲಿ ಇದನ್ನ ಇಂಗ್ಲಿಷ್ ಪುಸ್ತಕ ಇಟ್ಕೊಂಡು ಡೈರೆಕ್ಟ್ ಆಬ್ಜೆಕ್ಟ್, ಇನ್‌ಡೈರೆಕ್ಟ್ ಆಬ್ಜೆಕ್ಟ್ ಅಂತ ವಿವರಿಸ್ತಾರೆ, ಹುಡುಗರು ಕಣ್ಣು ಕಣ್ಣು ಬಿಡ್ತಾರೆ. ಅಲ್ರೀ, ಹೈಸ್ಕೂಲಲ್ಲಿ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಅಂತ ಏಳು ವಿಭಕ್ತಿ ಕಲಿತು ಬಂದ ಮಕ್ಕಳಿಗೆ ನಾಲ್ಕು ದೊಡ್ಡದಾ? ನಾಮಿನಾಟಿವ್ ನಮ್ಮ ಪ್ರಥಮಾ, ಅಕ್ಕುಸಾಟಿವ್ ದ್ವಿತೀಯಾ, ಡಾಟಿವ್ ಚತುರ್ಥೀ, ಗೆನಿಟಿವ್ ಷಷ್ಠೀ. ಜರ್ಮನ್ ಮಕ್ಕಳಿಗೆ ಅವರ ಶಾಲೇಲಿ ಪ್ರಶ್ನೆ ಕೇಳಿ ವಿಭಕ್ತಿ ಹುಡುಕೋದನ್ನ ಹೇಳಿಕೊಡ್ತಾರೆ: ವೇರ್, ವೇನ್, ವೇಮ್, ವೆಸೆನ್. ಅಂದ್ರೆ ಯಾರು, ಯಾರನ್ನ, ಯಾರಿಗೆ, ಯಾರ. ನಾಲ್ಕಕ್ಕೆ ನಾಲ್ಕೂ ಕನ್ನಡದಲ್ಲಿ ಬೇರೆ ಬೇರೆ ರೂಪ ಇದೆ, ದಿನಾ ಬಾಯಲ್ಲಿ ಬರ್ತಿರುತ್ತೆ. ಇಂಗ್ಲಿಷಲ್ಲಿ "ಹೂ" ಮತ್ತೆ "ಹೂಮ್" ನಡುವಿನ ವ್ಯತ್ಯಾಸವೇ ಮಾತಲ್ಲಿ ಸವೆದು ಹೋಗ್ತಿದೆ, ಯಾರನ್ನ, ಯಾರಿಗೆ ಅನ್ನೋಕೆ ಅಲ್ಲಿ ಬೇರೆ ಬೇರೆ ರೂಪಾನೇ ಇಲ್ಲ. ಅಂಥ ಭಾಷೆ ಇಟ್ಕೊಂಡು ವಿಭಕ್ತಿ ಅರ್ಥ ಮಾಡಿಸೋಕೆ ಹೋಗ್ತೀವಿ.

ಇದರ ಪರಿಣಾಮ ಪೇಪರಲ್ಲಿ ಹೀಗೆ ಕಾಣುತ್ತೆ. "ನನಗೆ ಚಳಿ ಆಗ್ತಿದೆ" ಅನ್ನೋಕೆ ಹುಡುಗರು "ಇಶ್ ಬಿನ್ ಕಾಲ್ಟ್" ಅಂತ ಬರೀತಾರೆ, ಅಂದ್ರೆ "ಐ ಆಮ್ ಕೋಲ್ಡ್". ಜರ್ಮನ್ನರ ಕಿವಿಗೆ ಅದು ನಾನು ಭಾವನೆ ಇಲ್ಲದ ಮನುಷ್ಯ ಅನ್ನೋ ಥರ ಕೇಳುತ್ತೆ. ಸರಿಯಾದ್ದು "ಮೀರ್ ಇಸ್ಟ್ ಕಾಲ್ಟ್". ಮೀರ್ ಅಂದ್ರೆ ನನಗೆ. ನಾವು ಕನ್ನಡದಲ್ಲಿ ಯಾವತ್ತಾದ್ರೂ "ನಾನು ಚಳಿ" ಅಂತೀವಾ? ಇಲ್ಲ ತಾನೆ? ಹಾಗೇನೆ "ಇಶ್ ಹೆಲ್ಫೆ ಡಿಶ್" ಅಂತ ಬರೀತಾರೆ, ನಿನ್ನನ್ನ ಸಹಾಯ ಮಾಡ್ತೀನಿ ಅಂದ ಹಾಗೆ. "ಇಶ್ ಹೆಲ್ಫೆ ಡೀರ್" ಆಗಬೇಕು, ನಿನಗೆ ಸಹಾಯ ಮಾಡ್ತೀನಿ. ಡಾಟಿವ್ ಬೇಡೋ ಕ್ರಿಯಾಪದಗಳು ಅಂತ ಟೆಕ್ಸ್ಟ್‌ಬುಕ್ಕಲ್ಲಿ ಒಂದು ದೊಡ್ಡ ಪಟ್ಟಿ ಇರುತ್ತೆ, ಹೆಲ್ಫೆನ್, ಡಾಂಕೆನ್, ಆಂಟ್‌ವೋರ್ಟೆನ್, ಗೆಫಾಲೆನ್, ಗೆಹ್ಯೋರೆನ್ ಅಂತ, ಅದನ್ನ ಕಣ್ಣು ಮುಚ್ಚಿ ಉರು ಹೊಡೀತಾರೆ. ಕನ್ನಡಕ್ಕೆ ಹಾಕಿ ನೋಡಿ: ಅವನಿಗೆ ಸಹಾಯ ಮಾಡಿದೆ, ನಿಮಗೆ ಥ್ಯಾಂಕ್ಸ್ ಹೇಳಿದೆ, ಅವಳಿಗೆ ಉತ್ತರ ಕೊಟ್ಟೆ, ಅದು ನನಗೆ ಇಷ್ಟ ಆಯ್ತು, ಇದು ನನಗೆ ಸೇರಿದ್ದು. ಎಲ್ಲಾದರಲ್ಲೂ "ಗೆ" ಇದೆ! ತಲೆ ನೋಯ್ತಿದ್ರೂ ಅಷ್ಟೇ, ಹೊಟ್ಟೆ ನೋಯ್ತಿದ್ರೂ ಅಷ್ಟೇ, ಜರ್ಮನ್ನವರು ನನಗೆ ನೋಯ್ತಿದೆ ಅಂತಾನೇ ಹೇಳೋದು. ಇದನ್ನ ಒಂದು ಸಲ ಬೋರ್ಡ್ ಮೇಲೆ ಕನ್ನಡದಲ್ಲಿ ಬರೆದು ತೋರಿಸಿ, ಆಮೇಲೆ ಆ ಪಟ್ಟೀಲಿ ಬಾಯಿಪಾಠಕ್ಕೆ ಉಳಿಯೋದು ಕೆಲವೇ ಪದ.

ಆದ್ರೆ ಇಲ್ಲೇ ಎಚ್ಚರ ಬೇಕು. ನನಗೆ ಹಸಿವು ಅಂತ "ಮೀರ್" ಹಾಕಿದ್ರೆ ತಪ್ಪು, ಅಲ್ಲಿ "ಇಶ್ ಹಾಬೆ ಹುಂಗರ್", ನಾನು ಹಸಿವು ಇಟ್ಕೊಂಡಿದೀನಿ ಅನ್ನೋ ರೀತಿ. ಫೋನ್ ಮಾಡೋದೂ ಹಾಗೇ, ನಾವು ನಿನಗೆ ಫೋನ್ ಮಾಡ್ತೀನಿ ಅಂತೀವಿ, ಅವರು ನಿನ್ನನ್ನ ಕರೀತೀನಿ ಅನ್ನೋ ಹಾಗೆ ಅಕ್ಕುಸಾಟಿವ್ ಹಾಕ್ತಾರೆ, "ಇಶ್ ರೂಫೆ ಡಿಶ್ ಆನ್". ಇಂಥವು ಇವೆ, ಇವನ್ನ ಬೇರೆ ಬಣ್ಣದಲ್ಲಿ ಬರೆಸಿ ಕಲಿಸಬೇಕು.

ಅಕ್ಕುಸಾಟಿವ್ ವಿಷಯದಲ್ಲಂತೂ ಕನ್ನಡ ನಮ್ಮನ್ನ ನಿಜವಾಗಿ ಸಿಕ್ಕಿಸುತ್ತೆ, ಇದನ್ನ ಯಾರೂ ಹೇಳಲ್ಲ ಅನ್ನೋದು ನನ್ನ ದೊಡ್ಡ ತಕರಾರು. ನಾವು "ಪುಸ್ತಕ ಓದಿದೆ", "ಪೆನ್ ತಗೊಂಡೆ" ಅಂತೀವಿ, ವಸ್ತುಗಳಿಗೆ "ಅನ್ನು" ಹಚ್ಚದೇ ಬಿಟ್ಟುಬಿಡ್ತೀವಿ, ಮಾತಲ್ಲಿ ಅದು ತಪ್ಪೂ ಅಲ್ಲ. "ಅವನನ್ನ ನೋಡಿದೆ" ಅನ್ನುವಾಗ ಮಾತ್ರ ಮನುಷ್ಯ ಆದ್ದರಿಂದ ಬಿಡೋಕಾಗಲ್ಲ. ಜರ್ಮನ್ನಲ್ಲಿ ಈ ರಿಯಾಯಿತಿ ಇಲ್ಲ. ಪುಲ್ಲಿಂಗದ ಪದ ಕರ್ಮ ಆದ್ರೆ ಅದರ ಮುಂದಿರೋ ಆರ್ಟಿಕಲ್ (ಇಂಗ್ಲಿಷಿನ "ದ", "ಎ" ಥರದ್ದು) ಬದಲಾಗಿ ಡೇರ್ ಹೋಗಿ ಡೇನ್, ಐನ್ ಹೋಗಿ ಐನೆನ್ ಆಗ್ಲೇಬೇಕು, ಅದು ಮೇಜಾಗಿರಲಿ ಮನುಷ್ಯನಾಗಿರಲಿ. ಒಂದು ಮೇಜು ಕೊಂಡ್ಕೋತೀನಿ ಅನ್ನೋಕೆ "ಇಶ್ ಕಾಉಫೆ ಐನ್ ಟಿಶ್" ಅಂತ ಬರೀತಾರೆ, "ಐನೆನ್ ಟಿಶ್" ಬೇಕು. ಇನ್ನೊಂದು "ಹಾಬೆನ್", ಅಂದ್ರೆ ಇಂಗ್ಲಿಷಿನ "ಹ್ಯಾವ್". ನನಗೆ ಒಬ್ಬ ತಮ್ಮ ಇದಾನೆ ಅನ್ನುವಾಗ ಕನ್ನಡದಲ್ಲಿ ತಮ್ಮನೇ ಕರ್ತೃ, ಪ್ರಥಮಾ ವಿಭಕ್ತಿ. ಜರ್ಮನ್ನಲ್ಲಿ ತಮ್ಮ ಕರ್ಮ ಆಗ್ತಾನೆ, "ಇಶ್ ಹಾಬೆ ಐನೆನ್ ಬ್ರೂಡರ್". ಐನ್ ಬ್ರೂಡರ್ ಅಂತ ಬರೆದವರೇ ಜಾಸ್ತಿ. ಇಂಗ್ಲಿಷ್ ಇಲ್ಲಿ ಏನೂ ಸಹಾಯ ಮಾಡಲ್ಲ, ಅಲ್ಲಿ "ಎ ಬ್ರದರ್" ಎಲ್ಲಿದ್ರೂ "ಎ ಬ್ರದರ್"ಏ, ಎರಡು ಭಾಷೇನೂ ಒಂದೇ ಕಡೆ ಎಳೆಯೋ ಜಾಗ ಇದು, ಹಾಗಾಗಿ ಮೇಷ್ಟ್ರು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು.

ಈ ಒಂದು ಅಕ್ಷರ ತಪ್ಪಿದ್ರೆ ಏನು ಮಹಾ ಅಂತ ಕೇಳೋರಿಗೆ ನಾಯಿ ಕಚ್ಚೋ ಉದಾಹರಣೆ ಸಾಕು. "ಡೇರ್ ಹುಂಡ್ ಬೈಸ್ಟ್ ಡೇನ್ ಮಾನ್" ಅಂದ್ರೆ ನಾಯಿ ಮನುಷ್ಯನನ್ನ ಕಚ್ಚುತ್ತೆ. "ಡೇನ್ ಹುಂಡ್ ಬೈಸ್ಟ್ ಡೇರ್ ಮಾನ್" ಅಂದ್ರೆ ಪದ ಎಲ್ಲಾ ಅದದೇ ಜಾಗದಲ್ಲಿದ್ರೂ ಕಚ್ಚಿದ್ದು ಮನುಷ್ಯ. ಕಚ್ಚಿದ್ದು ಯಾರು ಅಂತ ಇಂಗ್ಲಿಷಲ್ಲಿ ಪದ ಕೂತಿರೋ ಜಾಗ ಹೇಳುತ್ತೆ, ಜರ್ಮನ್ನಲ್ಲೂ ಕನ್ನಡದಲ್ಲೂ ವಿಭಕ್ತಿ ಹೇಳುತ್ತೆ. ನಾಯಿನ ಮನುಷ್ಯ ಕಚ್ಚಿದ ಅಂತ ನಾವು ಕೂಡ ಆರಾಮಾಗಿ ಪದ ಹಿಂದೆ ಮುಂದೆ ಮಾಡ್ತೀವಿ, ಯಾರಿಗೂ ಗೊಂದಲ ಆಗಲ್ಲ.

ಇನ್ನು ಪ್ರಿಪೊಸಿಷನ್. ಇನ್, ಆನ್, ಆಉಫ್, ಊಬರ್, ಉಂಟರ್, ಫೋರ್, ಹಿಂಟರ್, ನೇಬೆನ್, ಟ್ಸ್ವಿಶೆನ್ ಅಂತ 9 ಇವೆ, ಇವಕ್ಕೆ ಎರಡೂ ವಿಭಕ್ತಿ ಬರುತ್ತೆ. ಲೈಬ್ರರಿಗೆ ಹೋಗ್ತೀನಿ ಅಂದ್ರೆ "ಇನ್ ಡೀ ಬಿಬ್ಲಿಯೋಟೇಕ್", ಲೈಬ್ರರೀಲಿ ಓದ್ತೀನಿ ಅಂದ್ರೆ "ಇನ್ ಡೇರ್ ಬಿಬ್ಲಿಯೋಟೇಕ್" (ಇದು ಸ್ತ್ರೀಲಿಂಗದ ಪದ, ಡಾಟಿವ್ ಆದಾಗ ಡೀ ಹೋಗಿ ಡೇರ್ ಆಗುತ್ತೆ). ಹೋಗಿ ಸೇರೋದಕ್ಕೆ ಅಕ್ಕುಸಾಟಿವ್, ಅಲ್ಲೇ ಇರೋದಕ್ಕೆ ಡಾಟಿವ್. "ಲೈಬ್ರರಿಗೆ", "ಲೈಬ್ರರೀಲಿ" ಅನ್ನೋ ವ್ಯತ್ಯಾಸ ನಮಗೆ ಮೂರನೇ ವಯಸ್ಸಿಗೇ ಬಂದಿರುತ್ತೆ, ಒಳಗೆ ಬೇರೆ ಒಳಕ್ಕೆ ಬೇರೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ತೊಂದರೆ ಏನಂದ್ರೆ ಹೆಸರು ಅದಲು ಬದಲಾಗುತ್ತೆ. ಈಗ ತಾನೆ "ಗೆ" ಅಂದ್ರೆ ಡಾಟಿವ್ ಅಂತ ಕಲಿತ ಹುಡುಗಿ "ಲೈಬ್ರರಿಗೆ" ಅನ್ನೋದಕ್ಕೂ ಡಾಟಿವ್ ಹಾಕ್ತಾಳೆ. ಅವಳ ತರ್ಕ ಸರಿಯಾಗೇ ಇದೆ, ಆ ಪೇಪರಿಗೆ ಕೆಂಪು ಗೆರೆ ಎಳೆದು ಮುಂದೆ ಹೋಗಬಾರದು, ಕರೆದು ಕೂರಿಸಿಕೊಂಡು "ಯಾರಿಗೆ" ಅನ್ನೋ "ಗೆ" ಬೇರೆ, "ಎಲ್ಲಿಗೆ" ಅನ್ನೋ "ಗೆ" ಬೇರೆ ಅಂತ ಹೇಳಬೇಕು. ಜೊತೆಗೆ ಆಉಸ್, ಬೈ, ಮಿಟ್, ನಾಖ್, ಜೈಟ್, ಫೋನ್, ಟ್ಸೂ ಇವಕ್ಕೆ ಯಾವಾಗ್ಲೂ ಡಾಟಿವ್ವೇ. ಡಾಕ್ಟರ್ ಹತ್ರ ಹೋಗ್ತೀನಿ ಅನ್ನುವಾಗ ಟ್ಸೂ ಬಂದ್ರೆ ಚಲನೆ ಇದ್ರೂ ಡಾಟಿವ್. ಅದನ್ನ ಉರು ಹೊಡೆಯೋದೇ ಸರಿ, ಬೇರೆ ದಾರಿ ಇಲ್ಲ.

ಪದಗಳ ಕ್ರಮಕ್ಕೆ ಬರ್ತೀನಿ, ನನಗೆ ತುಂಬಾ ಬೇಜಾರಾಗೋ ಜಾಗ ಇದು. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ, ಅದೇನೋ ವಿಚಿತ್ರ ಅನ್ನೋ ಹಾಗೆ ಇಂಗ್ಲಿಷ್ ಪುಸ್ತಕಗಳು ಹೇಳ್ತವೆ, ನಮ್ಮ ಹುಡುಗರೂ ಅದನ್ನೇ ನಂಬಿ ವಿಚಿತ್ರ ಅಂತ ಹೆದರ್ತಾರೆ. ಕ್ರಿಯಾಪದ ಕೊನೆಗೆ ಬರೋದು ಕನ್ನಡದವರಿಗೆ ವಿಚಿತ್ರಾನಾ? "ವೈಲ್ ಡೇರ್ ಟ್ಸೂಗ್ ಶ್ಪೇಟ್ ಕೊಮ್ಟ್", ಯಾಕಂದ್ರೆ ಟ್ರೇನು ಲೇಟಾಗಿ ಬರುತ್ತೆ. ಪದಕ್ಕೆ ಪದ ಕೂರುತ್ತೆ. ಇನ್ನೂ ಮುಂದೆ ಹೋಗಿ, "ವೈಲ್ ಎರ್ ಡಾಸ್ ಬೂಖ್ ಲೇಜೆನ್ ಮುಸ್", ಯಾಕಂದ್ರೆ ಅವನು ಆ ಪುಸ್ತಕ ಓದಬೇಕು. ಲೇಜೆನ್ ಅಂದ್ರೆ ಓದು, ಮುಸ್ ಅಂದ್ರೆ ಬೇಕು, ಎರಡೂ ಕೊನೇಲಿ ಅದೇ ಕ್ರಮದಲ್ಲಿ ಒಂದರ ಹಿಂದೊಂದು. ಇಂಗ್ಲಿಷಲ್ಲಿ "ಮಸ್ಟ್ ರೀಡ್", ಪೂರ್ತಿ ಉಲ್ಟಾ. ಇದನ್ನ ಕನ್ನಡದ ಪಕ್ಕ ಇಟ್ಟು ತೋರಿಸಿದಾಗ ಹುಡುಗರ ಮುಖದಲ್ಲಿ ಬರೋ ಧೈರ್ಯ ನೋಡಬೇಕು ನೀವು. ಆದ್ರೂ ಪೇಪರಲ್ಲಿ "ವೈಲ್ ಎರ್ ಮುಸ್ ಲೇಜೆನ್ ಡಾಸ್ ಬೂಖ್" ಅಂತ ಬಂದ್ರೆ ಅದು ಯಾವ ಭಾಷೆಯಿಂದ ಬಂತು ಅಂತ ಹೇಳೋದೇ ಬೇಡ. (ವೈಲ್ ಆದ್ಮೇಲೆ ಕ್ರಿಯಾಪದ ಮುಂದೆ ತರೋದನ್ನ ಜರ್ಮನ್ನರೂ ಮಾತಾಡುವಾಗ ಮಾಡ್ತಾರೆ, ಕೇಳಿಸಿಕೊಂಡ ಹುಡುಗರು ವಾದ ಮಾಡ್ತಾರೆ, ಬರವಣಿಗೇಲಿ ಮಾತ್ರ ಅದು ನಡೆಯಲ್ಲ.)

ಕಾಲ, ಕಾರಣ, ರೀತಿ, ಜಾಗ ಈ ಕ್ರಮದಲ್ಲಿ ಹೇಳಬೇಕು ಅಂತ ಜರ್ಮನ್ ಕ್ಲಾಸಲ್ಲಿ ಟೆಕಾಮೋಲೋ ಅಂತ ಒಂದು ಸೂತ್ರ ಕಲಿಸ್ತಾರೆ. ನಾನು ನಾಳೆ ಟ್ರೇನಲ್ಲಿ ಬರ್ಲಿನ್‌ಗೆ ಹೋಗ್ತೀನಿ, "ಇಶ್ ಫಾರೆ ಮೋರ್ಗೆನ್ ಮಿಟ್ ಡೇಮ್ ಟ್ಸೂಗ್ ನಾಖ್ ಬೆರ್ಲೀನ್". ಫಾರೆ ಅನ್ನೋ ಕ್ರಿಯಾಪದ ಒಂದು ಬಿಟ್ಟು ಉಳಿದಿದ್ದೆಲ್ಲ ನಮ್ಮ ಕ್ರಮವೇ. ಇಂಗ್ಲಿಷಲ್ಲಿ ಮೊದಲು ಬರ್ಲಿನ್, ಆಮೇಲೆ ಟ್ರೇನು, ಕೊನೇಲಿ ನಾಳೆ. ನಮ್ಮವರು ಬರೆಯೋದು ಯಾವುದು ಹೇಳಿ? ಇಂಗ್ಲಿಷಿನದ್ದೇ.

ಆದ್ರೆ ಮುಖ್ಯವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗದಲ್ಲೇ ಕೂರಬೇಕು ಅನ್ನೋ ನಿಯಮ ಇದೆಯಲ್ಲ, ಅದು ಕನ್ನಡದಲ್ಲೂ ಇಲ್ಲ ಇಂಗ್ಲಿಷಲ್ಲೂ ಇಲ್ಲ. "ನಾಳೆ ನಾನು ಹೋಗ್ತೀನಿ" ಅನ್ನೋ ಯೋಚನೇಲಿ "ಮೋರ್ಗೆನ್ ಇಶ್ ಫಾರೆ" ಅಂತ ಬರೆದುಬಿಡ್ತಾರೆ, "ಮೋರ್ಗೆನ್ ಫಾರೆ ಇಶ್" ಆಗಬೇಕು. ಎರಡನೇ ಜಾಗ ಅಂದ್ರೆ ಎರಡನೇ ಪದ ಅಲ್ಲ ಅನ್ನೋದೂ ಹುಡುಗರಿಗೆ ಗೊತ್ತಿರಲ್ಲ. ಮುಂದಿನ ಸೋಮವಾರ ಅನ್ನೋದು ಮೂರು ಪದ ಆದ್ರೂ ಒಂದೇ ಜಾಗ, "ಆಮ್ ನೇಖ್‌ಸ್ಟೆನ್ ಮೋಂಟಾಗ್ ಫಾರೆ ಇಶ್".

ಕಾಲದ ವಿಷಯದಲ್ಲಿ ಒಂದು ತಪ್ಪು ಎಲ್ಲಾ ಬ್ಯಾಚಲ್ಲೂ ಬರುತ್ತೆ. ಎರಡು ವರ್ಷದಿಂದ ಇಲ್ಲಿದೀನಿ ಅನ್ನೋದನ್ನ "ಇಶ್ ಹಾಬೆ ಫ್ಯೂರ್ ಟ್ಸ್ವೈ ಯಾರೆ ಹೀರ್ ಗೆವೋನ್ಟ್" ಅಂತ ಬರೀತಾರೆ, "ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೂ ಇಯರ್ಸ್" ಅನ್ನೋದರ ಪಡಿಯಚ್ಚು. ಜರ್ಮನ್ ಓದುಗನಿಗೆ ಇವನು ಎರಡು ವರ್ಷ ಇದ್ದು ಹೋದವನು ಅನ್ಸುತ್ತೆ. ಸರಿ ವಾಕ್ಯ "ಇಶ್ ವೋನೆ ಜೈಟ್ ಟ್ಸ್ವೈ ಯಾರೆನ್ ಹೀರ್", ಎರಡು ವರ್ಷದಿಂದ, ವರ್ತಮಾನ ಕಾಲ, ನಾವು ಹೇಳೋ ಹಾಗೇ. ನಾಳೆ ಬರ್ತೀನಿ ಅನ್ನೋಕೂ ಅಷ್ಟೇ, ವರ್ತಮಾನವೇ ಸಾಕು, "ಇಶ್ ಕೊಮೆ ಮೋರ್ಗೆನ್". ಹುಡುಗರು ಅಲ್ಲಿ "ವಿಲ್" ತುರುಕ್ತಾರೆ, ಇಂಗ್ಲಿಷ್ ವಿಲ್ ಅಂದುಕೊಂಡು. ಜರ್ಮನ್ನಲ್ಲಿ "ಇಶ್ ವಿಲ್" ಅಂದ್ರೆ ನನಗೆ ಬೇಕು, ನನಗೆ ಆಸೆ ಅಂತ. "ಬೆಕೊಮೆನ್" ಅನ್ನೋದನ್ನ ಬಿಕಮ್ ಅಂತ ತಿಳಿದು ಎಂಜಿನಿಯರ್ ಆಗಬೇಕು ಅನ್ನೋ ಹುಡುಗ ಎಂಜಿನಿಯರ್ ಸಿಗಬೇಕು ಅಂತ ಬರೆಯೋದೂ ಇದೇ ಜಾತಿ. ಆಗು ಅನ್ನೋಕೆ ವೇರ್ಡೆನ್ ಇದೆ.

"ವೆನ್", "ಇಫ್" ಕಥೆ ಕೇಳಿ. ಇಂಗ್ಲಿಷಿನ "ವೆನ್"ಗೆ ಜರ್ಮನ್ನಲ್ಲಿ ಮೂರು ಪದ: ವಾನ್, ವೆನ್, ಆಲ್ಸ್. ಪ್ರಶ್ನೆ ಆದ್ರೆ ವಾನ್, ಅಂದ್ರೆ ಯಾವಾಗ. ಹಿಂದೆ ಒಂದು ಸಲ ಆಗಿದ್ದಕ್ಕೆ ಆಲ್ಸ್, ಚಿಕ್ಕವಳಿದ್ದಾಗ ಅನ್ನೋ ಹಾಗೆ. ಪದೇ ಪದೇ ಆಗೋದಕ್ಕೆ, ಬಂದಾಗಲೆಲ್ಲ ಅನ್ನೋಕೆ ವೆನ್. ಬಂದ್ರೆ ಅನ್ನೋ ಷರತ್ತಿಗೂ ವೆನ್. "ಇಫ್"ಗೆ ಎರಡು: ವೆನ್ ಮತ್ತೆ ಓಬ್. "ಅವನು ಬರ್ತಾನೋ ಇಲ್ವೋ ಗೊತ್ತಿಲ್ಲ" ಅನ್ನುವಾಗ "ಇಶ್ ವೈಸ್ ನಿಶ್ಟ್, ಓಬ್ ಎರ್ ಕೊಮ್ಟ್", "ಅವನು ಬಂದ್ರೆ" ಅನ್ನುವಾಗ ವೆನ್. ಕನ್ನಡದಲ್ಲಿ "ಬಂದ್ರೆ" ಮತ್ತೆ "ಬರ್ತಾನೋ ಇಲ್ವೋ" ಒಂದಕ್ಕೊಂದು ಕಲೆಸಿ ಹೋಗೋ ಸಾಧ್ಯತೇನೇ ಇಲ್ಲ. ಬರ್ತಾನೋ ಇಲ್ವೋ ಅಂತ ಬಂದ ಕಡೆ ಓಬ್ ಹಾಕ್ರಪ್ಪ ಅಂದ್ರೆ ಮುಗೀತು, ಅರ್ಧ ಕ್ಲಾಸಿನ ಕೆಲಸ ಒಂದು ಮಾತಲ್ಲಿ ಆಗುತ್ತೆ. ಆದ್ರೆ ಹೇಳೋರು ಬೇಕಲ್ಲ.

ಇಲ್ಲಿಂದ ಮುಂದೆ ಕನ್ನಡದ ಸಹಾಯ ಕಮ್ಮಿ ಆಗುತ್ತೆ. ಲಿಂಗ. ನಮ್ಮಲ್ಲಿ ಲಿಂಗ ಅರ್ಥದ ಮೇಲೆ ಹೋಗುತ್ತೆ, ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ವಸ್ತು ಎಲ್ಲಾ ನಪುಂಸಕ, ಎಲ್ಲದಕ್ಕೂ "ಅದು". ಜರ್ಮನ್ನಲ್ಲಿ ಚಮಚ ಪುಲ್ಲಿಂಗ ಡೇರ್ ಲ್ಯೋಫೆಲ್, ಫೋರ್ಕ್ ಸ್ತ್ರೀಲಿಂಗ ಡೀ ಗಾಬೆಲ್, ಚಾಕು ನಪುಂಸಕ ಡಾಸ್ ಮೆಸರ್. ಯಾಕೆ ಅಂತ ಕೇಳಿದ್ರೆ ಅರ್ಥದಲ್ಲಿ ಉತ್ತರ ಇಲ್ಲ. ಹುಡುಗರು ಎಲ್ಲದಕ್ಕೂ ಡಾಸ್ ಹಾಕ್ತಾರೆ, ಕನ್ನಡದ "ಅದು" ಮತ್ತೆ ಇಂಗ್ಲಿಷಿನ "ಇಟ್" ಎರಡೂ ಹಾಗೆ ಹೇಳಿಕೊಟ್ಟಿದಾವೆ. ಆರ್ಟಿಕಲ್ ಸರಿ ಬರೆದವರೂ ಮುಂದಿನ ವಾಕ್ಯದಲ್ಲಿ ಎಡವುತ್ತಾರೆ, "ಡೇರ್ ಟಿಶ್ ಇಸ್ಟ್ ನೊಯ್, ಎಸ್ ಇಸ್ಟ್ ಗ್ರೋಸ್", ಮೇಜು ಹೊಸದು, ಅದು ದೊಡ್ಡದು. ಮೇಜು ಡೇರ್ ಆದ ಮೇಲೆ ಸರ್ವನಾಮ "ಎರ್" ಆಗಬೇಕು, ಮೇಜನ್ನ ಅವನು ಅಂತ ಕರೀಬೇಕು, ಅದಕ್ಕೆ ಮನಸ್ಸು ಒಪ್ಪಲ್ಲ.

ಹಾಗಂತ ಲಿಂಗಕ್ಕೆ ನಿಯಮವೇ ಇಲ್ಲ ಅಂತ ಹೇಳಿ ಕೈ ತೊಳ್ಕೊಳ್ಳೋದು ಸರಿಯಲ್ಲ. ಪದದ ಬಾಲ ನೋಡಿದ್ರೆ ಎಷ್ಟೋ ಗೊತ್ತಾಗುತ್ತೆ. ಉಂಗ್, ಹೈಟ್, ಕೈಟ್, ಶಾಫ್ಟ್, ಟ್ಸಿಯೋನ್, ಟೇಟ್ ಅಂತ ಪ್ರತ್ಯಯ ಇರೋ ಪದ ಸ್ತ್ರೀಲಿಂಗ, ನ್ಯೂಸ್‌ಪೇಪರ್ ಅನ್ನೋದು ಡೀ ಟ್ಸೈಟುಂಗ್. ಇಸ್ಮುಸ್, ಲಿಂಗ್ ಅಂತ ಇದ್ರೆ ಪುಲ್ಲಿಂಗ. ಶೆನ್, ಲೈನ್ ಅನ್ನೋ ಪುಟ್ಟದು ಅಂತ ಸೂಚಿಸೋ ಪ್ರತ್ಯಯ ಬಂದ್ರೆ ನಪುಂಸಕ, ಅದಕ್ಕೇ ಹುಡುಗಿ ಅನ್ನೋ ಪದ "ಡಾಸ್ ಮೇಡ್‌ಶೆನ್", ಹುಡುಗೀನ ವಸ್ತು ಅಂತ ಕರೆದಿದ್ದಲ್ಲ, ಕೊನೇಲಿ ಶೆನ್ ಇರೋದು ಕಾರಣ. "ಎ" ಅಂತ ಮುಗಿಯೋ ಪದ ಹೆಚ್ಚಾಗಿ ಸ್ತ್ರೀಲಿಂಗ, ಆದ್ರೆ ಹೆಸರು ಅನ್ನೋದು ಡೇರ್ ನಾಮೆ, ಕಣ್ಣು ಡಾಸ್ ಆಉಗೆ, ಹಾಗಾಗಿ ಪೂರ್ತಿ ನಂಬಬಾರದು. ಸಮಾಸ ಪದಗಳಿಗೆ ಮಾತ್ರ ಗಟ್ಟಿ ನಿಯಮ: ಕೊನೇ ಪದದ ಲಿಂಗವೇ ಇಡೀ ಪದದ ಲಿಂಗ. ಮನೆ ಡಾಸ್ ಹಾಉಸ್, ಬಾಗಿಲು ಡೀ ಟ್ಯೂರ್, ಮನೆಬಾಗಿಲು ಡೀ ಹಾಉಸ್‌ಟ್ಯೂರ್. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ ಅಂತ ನಾವು ಕನ್ನಡ ಪಾಠದಲ್ಲಿ ಓದಿದ್ದೇ ಇದು. ಉಳಿದದ್ದಕ್ಕೆ ಪದ ಕಲಿಯುವಾಗ್ಲೇ ಆರ್ಟಿಕಲ್ ಸೇರಿಸಿ ಕಲೀಬೇಕು, ಬರೀ "ಟಿಶ್" ಅಂತ ನೋಟ್ಸಲ್ಲಿ ಬರ್ಕೊಂಡವರು ಎ1 ಅನ್ನೋ ಮೊದಲನೇ ಲೆವೆಲಲ್ಲಿ ಮಾಡಿದ ಈ ಸಾಲವನ್ನ ಸಿ1 ಅನ್ನೋ ಮೇಲಿನ ಲೆವೆಲ್ ತನಕ ತೀರಿಸ್ತಾ ಇರ್ತಾರೆ, ಯಾಕಂದ್ರೆ ಲಿಂಗ ತಪ್ಪಾದ್ರೆ ವಿಭಕ್ತಿ ತಪ್ಪು, ವಿಭಕ್ತಿ ತಪ್ಪಾದ್ರೆ ವಿಶೇಷಣದ ಬಾಲ ತಪ್ಪು, ಒಂದೇ ವಾಕ್ಯದಲ್ಲಿ ಮೂರು ಕಡೆ ಮಾರ್ಕ್ಸ್ ಹೋಗುತ್ತೆ.

ವಿಶೇಷಣದ ಬಾಲ ಅಂದ್ನಲ್ಲ, ಅದು ಎಲ್ಲರನ್ನೂ ಅಳಿಸೋ ವಿಷಯ. ಕನ್ನಡದಲ್ಲಿ ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಹುಡುಗನಿಗೆ, "ಒಳ್ಳೆ" ಅಲುಗಾಡಲ್ಲ. ಜರ್ಮನ್ನಲ್ಲಿ "ಡೇರ್ ಗೂಟೆ ಮಾನ್", ಆದ್ರೆ "ಐನ್ ಗೂಟರ್ ಮಾನ್". ಮೂರು ಟೇಬಲ್ ಉರು ಹೊಡೆಸೋದಕ್ಕಿಂತ ಕಾರಣ ಹೇಳಿ: ಲಿಂಗ, ವಿಭಕ್ತಿಯ ಗುರುತು ಎಲ್ಲಾದ್ರೂ ಒಂದು ಕಡೆ ಕಾಣಬೇಕು. ಡೇರ್ ಅನ್ನೋದರಲ್ಲಿ "ರ್" ಕಾಣ್ತಿದೆ, ಹಾಗಾಗಿ ವಿಶೇಷಣ ಸುಮ್ಮನೆ ಗೂಟೆ. ಐನ್ ಅನ್ನೋದರಲ್ಲಿ ಪುಲ್ಲಿಂಗವೋ ನಪುಂಸಕವೋ ಗೊತ್ತಾಗಲ್ಲ, ಹಾಗಾಗಿ ಆ "ರ್" ಗೂಟರ್ ಮೇಲೆ ಬಂದು ಕೂರುತ್ತೆ. ಈ ಒಂದು ಮಾತು ಅರ್ಥ ಆದ್ರೆ ಟೇಬಲ್ ಅರ್ಧ ತಾನೇ ಬರುತ್ತೆ.

ಇನ್ನೊಂದು ತಪ್ಪು ನನಗೆ ಬಹಳ ಕಾಡುತ್ತೆ, ಸ್ಟೂಡೆಂಟ್ ಅನ್ನೋ ಪದದಲ್ಲೇ ಆಗೋದು. "ಡೇರ್ ಶ್ಟುಡೆಂಟ್" ಪ್ರಥಮಾ ಬಿಟ್ಟು ಬೇರೆ ಯಾವ ವಿಭಕ್ತಿಗೆ ಹೋದ್ರೂ ಶ್ಟುಡೆಂಟೆನ್ ಆಗುತ್ತೆ. ನನಗೆ ಒಬ್ಬ ಸ್ಟೂಡೆಂಟ್ ಪರಿಚಯ ಅನ್ನೋಕೆ "ಇಶ್ ಕೆನೆ ಐನೆನ್ ಶ್ಟುಡೆಂಟ್" ತಪ್ಪು, ಐನೆನ್ ಶ್ಟುಡೆಂಟೆನ್. ಕೊಲೇಗೆ, ಟೂರಿಸ್ಟ್, ಪ್ರೆಸಿಡೆಂಟ್, ಹೆರ್ ಎಲ್ಲಾ ಈ ಗುಂಪಿನವು. ಆರ್ಟಿಕಲ್ ಹೇಗೂ ಬದಲಾಯ್ತಲ್ಲ ಅಂತ ನಾಮಪದ ಮರೀತಾರೆ. ನಮ್ಮ ವಿಭಕ್ತಿ ನಾಮಪದಕ್ಕೇ ಹತ್ತೋದು ತಾನೆ, ಅದನ್ನ ನೆನಪಿಸಿದ್ರೆ ಬೇಗ ಹಿಡೀತಾರೆ.

ಭೂತಕಾಲದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. "ಐ ಹ್ಯಾವ್ ಗಾನ್" ಅನ್ನೋ ಗುಂಗಲ್ಲಿ "ಇಶ್ ಹಾಬೆ ಗೆಗಾಂಗೆನ್" ಬರೀತಾರೆ, "ಇಶ್ ಬಿನ್ ಗೆಗಾಂಗೆನ್" ಬೇಕು. ಜಾಗ ಬದಲಾದ್ರೆ, ಸ್ಥಿತಿ ಬದಲಾದ್ರೆ (ಏಳೋದು, ನಿದ್ದೆ ಹತ್ತೋದು, ಸಾಯೋದು) ಹಾಬೆನ್ ಬದಲು "ಜೈನ್" (ಬಿನ್, ಇಸ್ಟ್ ಇದರದೇ ರೂಪ), ಜೊತೆಗೆ ಇರು ಮತ್ತೆ ಉಳಿ ಅನ್ನೋ ಕ್ರಿಯಾಪದಕ್ಕೂ ಜೈನ್. ಬೆ, ಎರ್, ಫೆರ್, ಎಂಟ್, ಟ್ಸೆರ್ ಇಂಥ ಬಿಡಿಸೋಕಾಗದ ಉಪಸರ್ಗ ಇದ್ರೆ ಗೆಗಾಂಗೆನ್ ಮುಂದಿರೋ ಥರದ ಜರ್ಮನ್ "ಗೆ" ಸೇರಿಸಬಾರದು, ಭೇಟಿ ಮಾಡಿದೆ ಅನ್ನೋಕೆ "ಬೆಜೂಖ್ಟ್" ಅಷ್ಟೇ. ಈರೆನ್ ಅಂತ ಮುಗಿಯೋದಕ್ಕೂ ಇಲ್ಲ, "ಶ್ಟುಡೀರ್ಟ್" ಸರಿ, "ಗೆಶ್ಟುಡೀರ್ಟ್" ತಪ್ಪು. ಇದನ್ನ ಯಾವ ಭಾಷೇನೂ ಕಲಿಸಲ್ಲ, ಅಭ್ಯಾಸವೇ ಬೇಕು.

ನೀನು, ನೀವು ಅನ್ನೋದರಲ್ಲಿ ಆಗೋ ತಪ್ಪು ಮಾತ್ರ ನನಗೆ ಸಹಿಸೋಕಾಗಲ್ಲ. ಜರ್ಮನ್ನಲ್ಲಿ ಸ್ನೇಹಿತರಿಗೆ ಡೂ, ದೊಡ್ಡವರಿಗೆ ಗುರುತಿಲ್ಲದವರಿಗೆ ಜೀ, ಸಲಿಗೆ ಇರೋ ಹಲವರಿಗೆ ಈರ್. ಪ್ರೊಫೆಸರಿಗೆ ಬರೆಯೋ ಮೇಲಲ್ಲಿ ನಮ್ಮ ಹುಡುಗರು ಡೂ ಅಂತ ಹಾಕಿರ್ತಾರೆ. ಇವರು ಯಾರೂ ತಮ್ಮ ಮೇಷ್ಟ್ರನ್ನ ನೀನು ಅನ್ನೋರಲ್ಲ! ಇಂಗ್ಲಿಷಲ್ಲಿ "ಯೂ" ಅಂತ ಯೋಚಿಸಿ, ಅಥವಾ ಟ್ರಾನ್ಸ್‌ಲೇಟ್ ಆ್ಯಪಿಗೆ ಇಂಗ್ಲಿಷ್ ವಾಕ್ಯ ಕೊಟ್ಟು, ಅದು ಊಹೆ ಮಾಡಿ ಕೊಟ್ಟಿದ್ದನ್ನ ಹಾಗೇ ಕಳಿಸಿರ್ತಾರೆ. "ಯೂ" ಅನ್ನೋದರಲ್ಲಿ ನೀನೋ ನೀವೋ ಅನ್ನೋ ಮಾಹಿತೀನೇ ಇಲ್ಲ, ಆ್ಯಪ್ ಎಲ್ಲಿಂದ ತರುತ್ತೆ? ಇನ್ನು ಜೀ ಅಂತ ಬರೆದವರೂ ಮೊದಲ ಅಕ್ಷರ ದೊಡ್ಡದು ಹಾಕದೆ ಬಿಡ್ತಾರೆ, ಆಗ ಅದು ಅವಳು ಅಥವಾ ಅವರು ಆಗುತ್ತೆ. ಜರ್ಮನ್ನಲ್ಲಿ ಎಲ್ಲಾ ನಾಮಪದಕ್ಕೂ ಮೊದಲಕ್ಷರ ದೊಡ್ಡದೇ, ನಮ್ಮ ಲಿಪೀಲಿ ದೊಡ್ಡ ಸಣ್ಣ ಅಕ್ಷರ ಇಲ್ಲದ್ದರಿಂದ ಕಣ್ಣಿಗೆ ಅದು ಬೀಳಲ್ಲ, ಅದನ್ನ ಮೊದಲ ವಾರದಿಂದಲೇ ರೂಢಿ ಮಾಡಿಸಬೇಕು.

ಜರ್ಮನ್ ಕ್ಲಾಸಲ್ಲಿ ಜರ್ಮನ್ ಮಾತ್ರ ಇರಬೇಕು, ಬೇರೆ ಭಾಷೆ ತರಬಾರದು ಅಂತ ಹೇಳೋ ಸಹೋದ್ಯೋಗಿಗಳಿದಾರೆ. ಮಾತಾಡೋ ಅಭ್ಯಾಸಕ್ಕೆ ಅದು ಸರಿ, ನಾನೂ ಹಾಗೇ ಮಾಡ್ತೀನಿ. ಆದ್ರೆ ವ್ಯಾಕರಣ ವಿವರಿಸುವಾಗ ಅವರ ಕ್ಲಾಸಲ್ಲೂ ಇಂಗ್ಲಿಷ್ ಇದ್ದೇ ಇದೆ, ಪುಸ್ತಕದಲ್ಲಿದೆ, ಬೋರ್ಡ್ ಮೇಲಿದೆ, ಹುಡುಗರ ತಲೆಯಲ್ಲಿದೆ. ಇಂಗ್ಲಿಷಿಗೆ ಇರೋ ಆ ಜಾಗವನ್ನ ಕನ್ನಡಕ್ಕೂ ಕೊಡಿ ಅಂತಷ್ಟೇ ನಾನು ಕೇಳ್ತಿರೋದು. ಕ್ಲಾಸಲ್ಲಿ ಬೇರೆ ಮನೆಮಾತಿನವರೂ ಇರ್ತಾರೆ ನಿಜ, ಅವರವರ ಭಾಷೆ ಪಕ್ಕಕ್ಕೆ ಇಟ್ಟು ನೋಡೋಕೆ ಅವರಿಗೂ ಹೇಳಬಹುದು, ತಮಿಳು, ತೆಲುಗಿನವರಿಗೂ ನನಗೆ ಚಳಿ ಅನ್ನೋ ರಚನೆ ಗೊತ್ತಿರೋದೇ.

ತಿದ್ದೋ ಕ್ರಮದ ಬಗ್ಗೇನೂ ಒಂದು ಮಾತು. ಲಿಂಗ ತಪ್ಪಾದ ಒಂದು ಆರ್ಟಿಕಲ್ಲಿಗೂ, ನಾಯಿ ಮನುಷ್ಯ ಅದಲು ಬದಲಾದ ವಾಕ್ಯಕ್ಕೂ ಒಂದೇ ಕೆಂಪು ಗೆರೆ, ಅದೇ ಅರ್ಧ ಮಾರ್ಕ್ಸ್. ಇದು ನ್ಯಾಯ ಅಲ್ಲ. ಡಾಸ್ ಟಿಶ್ ಅಂದ್ರೂ ಜರ್ಮನ್ನನಿಗೆ ಮೇಜು ಅಂತ ಅರ್ಥ ಆಗುತ್ತೆ, ಎರಡು ವರ್ಷದಿಂದ ಇದೀನಿ ಅನ್ನೋದು ಇದ್ದು ಹೋದೆ ಅಂತ ಆದ್ರೆ ಅರ್ಥವೇ ಕೆಟ್ಟುಹೋಗುತ್ತೆ. 2001ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಪ್ರಕಟಿಸಿದ, ಎ1ರಿಂದ ಸಿ2 ತನಕ 6 ಹಂತ ಇರೋ ಚೌಕಟ್ಟನ್ನೇ ಎಲ್ಲರೂ ಹಿಡಿದಿದೀವಿ. ಅದರಲ್ಲಿ ಎ1, ಎ2 ಹಂತದವರಿಂದ ಮೂಲಭೂತ ತಪ್ಪುಗಳು ಬರೋದು ಸಹಜ ಅಂತ ಒಪ್ಪಿಕೊಂಡೇ ಹಂತ ಮಾಡಿದಾರೆ. ನಾವು ಮಾತ್ರ ಮೊದಲನೇ ಸೆಮಿಸ್ಟರಿನ ಪೇಪರನ್ನ ಕೆಂಪಲ್ಲಿ ಮುಳುಗಿಸಿ ಕೈಗೆ ಕೊಡ್ತೀವಿ, ಆ ಪೇಪರ್ ನೋಡಿ ಜರ್ಮನ್ ಬಿಟ್ಟ ಹುಡುಗರು ಎಷ್ಟೋ. ಮುಂದೆ ಟೆಸ್ಟ್‌ಡಾಫ್, ಡಿಎಸ್‌ಎಚ್ ಅಂಥ ಪ್ರವೇಶಕ್ಕೆ ಬೇಕಾದ ಜರ್ಮನ್ ಭಾಷಾ ಪರೀಕ್ಷೆ ಬರೆದು ಜರ್ಮನಿಯ ಯೂನಿವರ್ಸಿಟಿ ಸೇರಬಹುದಾಗಿದ್ದವರು ಅವರಲ್ಲಿ ಇದ್ರು.

ಹಾಗಾಗಿ ಜರ್ಮನ್ ಕಲಿಸೋ ವಿಭಾಗಗಳಿಗೆ ನನ್ನ ವಿನಂತಿ ಇಷ್ಟು: ಮೊದಲನೇ ಸೆಮಿಸ್ಟರ್‌ಗೆ ಕನ್ನಡದಲ್ಲೇ ವಿವರಿಸಿರೋ ಒಂದು ಹ್ಯಾಂಡ್‌ಔಟ್ ಮಾಡಿ. ಅದರಲ್ಲಿ ಕನ್ನಡ ಜರ್ಮನ್ ಕೂಡೋ ಜಾಗ ಒಂದು ಕಡೆ, ಕನ್ನಡ ಸಿಕ್ಕಿಸೋ ಜಾಗ ಇನ್ನೊಂದು ಕಡೆ, ಎರಡೂ ಕೈ ಕೊಡೋ ಲಿಂಗದಂಥ ವಿಷಯ ಬೇರೆಯಾಗಿ ಇರಲಿ. ಉತ್ತರಪತ್ರಿಕೇಲಿ ಅರ್ಥ ಕೆಡಿಸೋ ತಪ್ಪಿಗೂ ಕೆಡಿಸದ ತಪ್ಪಿಗೂ ಬೇರೆ ಬೇರೆ ಗುರುತು ಹಾಕಿ. ನಿಮ್ಮ ಪತ್ರಿಕೆಯ ಓದುಗರಲ್ಲಿ ಜರ್ಮನ್ ಕಲಿತವರು, ಕಲಿಸೋರು ಇದ್ರೆ ತಾವು ಗಮನಿಸಿದ ಇಂಥ ಜಾಗಗಳನ್ನ ಇದೇ ಅಂಕಣಕ್ಕೆ ಬರೀಲಿ, ಆ ಹ್ಯಾಂಡ್‌ಔಟಿಗೆ ಸೇರಿಸೋಕೆ ಅನುಕೂಲ ಆಗುತ್ತೆ.

ಇಂತಿ,
ಜರ್ಮನ್ ಕಲಿಸೋ ಒಬ್ಬ ಶಿಕ್ಷಕಿ